ಆಫೀಸಿನಲ್ಲಿದ್ದವರ ಎದೆಯ ಸ್ಕ್ಯಾನ್

ಮಾವನ ಎದೆಯಲ್ಲಿ ಎರಡನೆಯ ಸಲ ನೀರು ತುಂಬಿದಾಗ ಅವರನ್ನು ಕಾಪುವಿನಿಂದ ಮಣಿಪಾಲಕ್ಕೆ ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಮಾವ ಎಂದರೆ ಅಮ್ಮನ ತಮ್ಮ. ನಮ್ಮ ಮನೆಗಳಲ್ಲಿ ಮಾವನ ಮಾತಿಗೆ ಎದುರಿಲ್ಲ. ಆಸ್ಪತ್ರೆಯಲ್ಲಿ ಮಾತ್ರ ಅವರಿಗೆ ಬಾಯಿಯೇ ಇರಲಿಲ್ಲ. ವೈದ್ಯರು ಏನು ಕೇಳಿದರೂ ಉತ್ತರ ಕೊಡುತ್ತಿದ್ದದ್ದು ಅತ್ತೆಯ ಅಣ್ಣ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕಾರ್ಕಳದಿಂದ ಕಾರಿನಲ್ಲಿ ಪ್ರತಿ ಸಲವೂ ಹಾಜರು. ಮಾವನ ಹಸಿವೆಷ್ಟು, ನಿದ್ದೆ ಹೇಗೆ, ಕಫ ಯಾವ ಬಣ್ಣ, ಎಲ್ಲವೂ ಅವರಿಗೇ ಗೊತ್ತು. ನನಗೆ ಮೈ ಉರಿಯುತ್ತಿತ್ತು.

"ಮೊದಲು ಎಂತ ಕೆಲಸ ಮಾಡ್ತಿದ್ರಿ?" ಎಂದು ವೈದ್ಯೆ ಮಾವನನ್ನು ಕೇಳಿದರು.

"ಬೊಂಬಾಯಿಯಲ್ಲಿ ಹಡಗು ಕಂಪೆನಿಯ ಆಫೀಸಿನಲ್ಲಿದ್ದವರು ನಮ್ಮ ಭಾವ," ಅಂದರು ಕಾರ್ಕಳದವರು. ಅತ್ತೆ ತಲೆಯಾಡಿಸಿದರು. ಮಾವ ಫ್ಯಾನ್ ನೋಡುತ್ತಾ ಕುಳಿತಿದ್ದರು.

ಉಡುಪಿಯಲ್ಲೂ ಇದನ್ನೇ ಹೇಳಿದ್ದೆವು. ಅಲ್ಲಿನ ವೈದ್ಯರು ಕ್ಷಯವಿರಬಹುದೆಂದು ಮಾತ್ರೆ ಶುರು ಮಾಡಿದ್ದರು. ಗುಣ ಕಂಡಿರಲಿಲ್ಲ.

ಸಿಟಿ ಸ್ಕ್ಯಾನ್ ಆದ ಮೇಲೆ ವೈದ್ಯೆ ನಮ್ಮನ್ನು ಕರೆದು ಕಂಪ್ಯೂಟರಿನ ಪರದೆ ತಿರುಗಿಸಿ ತೋರಿಸಿದರು. ಬಲ ಶ್ವಾಸಕೋಶದ ಸುತ್ತಲಿನ ಪೊರೆ ಹಲಸಿನ ಸಿಪ್ಪೆಯಂತೆ ದಪ್ಪವಾಗಿತ್ತು. ಎರಡೂ ಬದಿಯಲ್ಲಿ ಸುಣ್ಣ ಕಟ್ಟಿದ ಬಿಳಿ ಗೆರೆಗಳಿದ್ದವು.

"ಇಂಥ ಗೆರೆ ಕಲ್ನಾರಿನ, ಅಂದ್ರೆ ಆಸ್ಬೆಸ್ಟಾಸ್ ಧೂಳಿನಲ್ಲಿ ಕೆಲಸ ಮಾಡಿದವರಲ್ಲಿ ಕಾಣ್ತದೆ. ಪೊರೆ ದಪ್ಪ ಆದದ್ದು ಕ್ಯಾನ್ಸರ್ ಇರಬಹುದು. ಆದ್ರೆ ಆಫೀಸಿನಲ್ಲಿದ್ದವರಿಗೆ ಇದು ಹೇಗೆ ಬಂತು?"

"ಆಫೀಸೇ ಡಾಕ್ಟ್ರೇ, ಸಂಶಯವೇ ಬೇಡ," ಅಂದರು ಕಾರ್ಕಳದವರು.

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಕಾರು ಅಡ್ಡ ಉಂಟಂತೆ, ತೆಗೆಯಬೇಕಂತೆ ಎಂದು ಬಾಯಿಗೆ ಬಂದ ಸುಳ್ಳು ಹೇಳಿ ಅವರನ್ನು ಹೊರಗಟ್ಟಿದೆ. "ಮಾವ, ಇದು ನಿಮ್ಮ ಜೀವದ ಪ್ರಶ್ನೆ. ಒಮ್ಮೆ ಬಾಯಿ ಬಿಡಿ."

ಅವರು ಅತ್ತೆಯ ಮುಖ ನೋಡಿದರು. ಅತ್ತೆ, "ಹೇಳಿ," ಅಂದರು.

ಹಡಗಿನ ಇಂಜಿನ್ ಕೋಣೆಯಲ್ಲಿ ಬಿಸಿ ಪೈಪುಗಳಿಗೆ ಸುತ್ತಿದ ಹಳೆಯ ಕಲ್ನಾರಿನ ಪಟ್ಟಿ ಕಿತ್ತು ಹೊಸದು ಸುತ್ತುವುದು ಅವರ ಕೆಲಸವಾಗಿತ್ತಂತೆ. ಧೂಳು ಹಿಟ್ಟಿನ ಗಿರಣಿಯ ಹಾಗೆ ಹಾರುತ್ತಿತ್ತಂತೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ನಮ್ಮ ಮನೆಯವರು ಮಾವನ ಮದುವೆಯನ್ನು ಆಫೀಸಿನ ಕೆಲಸವೆಂಬ ಒಂದೇ ಸುಳ್ಳಿನಲ್ಲಿ ಮುಗಿಸಿದ್ದರು. ಬೊಂಬಾಯಿಗೆ ಹೋದ ವಾರದಲ್ಲೇ ಅತ್ತೆಗೆ ನಿಜ ಗೊತ್ತಾಗಿತ್ತು. ತವರಿನವರ ಎದುರು ಗಂಡನ ಮರ್ಯಾದೆ ಹೋಗಬಾರದೆಂದು ಅವರೂ ಅದೇ ಸುಳ್ಳನ್ನು ಸಾಕಿಕೊಂಡು ಬಂದರು. ಇಂಥ ಮರ್ಯಾದೆಗೆ ಬೆಂಕಿ ಹಾಕಬೇಕು ಅನ್ನಿಸಿತು ನನಗೆ. ಬೆನ್ನಿಗೆ ಸೂಜಿ ಚುಚ್ಚಿ ನೀರು ತೆಗೆಯುವಾಗಲೂ ಇವರಿಗೆ ಕಾರ್ಕಳದವರು ಏನೆಂದುಕೊಳ್ಳುತ್ತಾರೋ ಎಂಬ ಚಿಂತೆ.

ವೈದ್ಯೆ ಬೈಯಲಿಲ್ಲ. ಪರೀಕ್ಷೆಗೆ ಪೊರೆಯ ಚೂರನ್ನು ಎಲ್ಲಿಂದ ತೆಗೆಯಬೇಕೆಂದು ಸ್ಕ್ಯಾನಿನಲ್ಲಿ ತೋರಿಸಿದರು. ಆಮೇಲೆ, "ಆ ಕೆಲಸದ ಬಟ್ಟೆ ಯಾರು ಒಗೀತಿದ್ರು?" ಎಂದು ಕೇಳಿದರು.

"ನಾನೇ," ಅಂದರು ಅತ್ತೆ. "ಮೊದಲು ಚೆನ್ನಾಗಿ ಕೊಡವಬೇಕಿತ್ತು. ಇಲ್ಲದಿದ್ರೆ ಧೂಳು ಹೋಗ್ತಿರ್ಲಿಲ್ಲ."

ವೈದ್ಯೆ ಇನ್ನೊಂದು ಚೀಟಿ ಎಳೆದುಕೊಂಡರು. "ಅಮ್ಮ, ನಿಮ್ಮ ಎದೆಯದ್ದೂ ಒಂದು ಎಕ್ಸ್‌ರೇ ತೆಗೆಯುವ."

"ನನಗೆಂತಕ್ಕೆ? ನಾನು ಮನೆಯಲ್ಲೇ ಇದ್ದದ್ದಲ್ವಾ," ಎಂದು ಅತ್ತೆ ನಕ್ಕರು.

ಮಾವ ಕುರ್ಚಿಯ ಕೈ ಹಿಡಿದು ಎದ್ದು ನಿಂತರು. "ಡಾಕ್ಟ್ರೇ," ಅಂದರು, "ಮೊದಲು ಇವಳದ್ದು ತೆಗೀರಿ."