ಹಂಡೆಯ ಕೊರಳಿಗೆ ಅರಿಶಿನದ ಕೊಂಬು

ಚಾಮರಾಜನಗರದಲ್ಲಿ ಬಸ್ಸಿಳಿದಾಗ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಮೈಸೂರಿನಿಂದ ಅರವತ್ತು ಕಿಲೋಮೀಟರಿನಷ್ಟು ದಾರಿ. ನಂಜನಗೂಡು ದಾಟಿದ ಮೇಲೆ ರಸ್ತೆ ಅಗೆದಿದ್ದರು, ಸೀಟೂ ಸಿಗದೆ ನಿಂತೇ ಬಂದಿದ್ದೆ. ಕಂಪನಿಯ ಆಸರೆ, ಕಾಲೇಜಿನ ಆಸರೆ ಯಾವುದೂ ಇಲ್ಲದೆ ತಾವೇ ಏನಾದರೂ ಕಂಡುಹಿಡಿದು ಪೇಟೆಂಟ್ ಪಡೆದವರನ್ನು ನೋಡಿ ಬರೆಯಿರಿ ಎಂದು ನಮ್ಮ ಮಾಸಪತ್ರಿಕೆಯವರು ಕಳಿಸಿದ್ದರು. ಈ ಕಡೆ ಮೂವರ ವಿಳಾಸ ಸಿಕ್ಕಿತ್ತು.

ಮೊದಲನೆಯವರು ಸುಶೀಲಮ್ಮ, ನಿವೃತ್ತ ನರ್ಸ್. ಡ್ರಿಪ್ ಬಾಟಲಿ ಖಾಲಿಯಾಗುವ ಹೊತ್ತಿಗೆ ತಾನಾಗಿ ಗಂಟೆ ಹೊಡೆಯುವ ಕೊಕ್ಕೆ ಅವರದು. ಒಳಗೊಂದು ಸ್ಪ್ರಿಂಗು, ಬಾಟಲಿ ಹಗುರಾದಂತೆ ಅದು ಮೇಲೇರಿ ಸ್ವಿಚ್ಚಿಗೆ ತಾಗುತ್ತದೆ. ನನಗಾಗಿ ಬಾಟಲಿಗೆ ನೀರು ತುಂಬಿ ಕಿಟಕಿಗೆ ನೇತುಹಾಕಿದರು. ಅದು ಇಳಿಯುವವರೆಗೂ ಇಬ್ಬರೂ ಕಾದು ಕುಳಿತೆವು. ಗಂಟೆ ಹೊಡೆಯಿತು. ಪೇಟೆಂಟ್ ಬಂದು ಎಷ್ಟೋ ಕಾಲವಾಗಿದ್ದರೂ ಯಾವ ಆಸ್ಪತ್ರೆಯೂ ಕೊಂಡಿರಲಿಲ್ಲ.

"ಚೆನ್ನಾಗ್ ಅದ ಅಂತಾರ ಸಾರ್. ಗಂಟೆ ಹೊಡುದ್ರ ಎದ್ದು ಬರೋರು ಯಾರಮ್ಮ ಅಂತಲೂ ಕೇಳ್ತಾರ" ಎಂದರು.

ಮಧ್ಯಾಹ್ನ ಗುಂಡ್ಲುಪೇಟೆ ಬಸ್ಸು ಹಿಡಿದು ತೆರಕಣಾಂಬಿಯಲ್ಲಿ ಇಳಿದೆ. ಹೋಟೆಲಿನಲ್ಲಿ ಅನ್ನ, ಹುರುಳಿಕಾಳಿನ ಸಾರು. ಹಾರ್ಮೋನಿಯಂ ರಿಪೇರಿಯ ಪುಟ್ಟಸ್ವಾಮಿಯವರ ಅಂಗಡಿ ಅಲ್ಲೇ ಹಿಂದೆ. ತಿದಿಯನ್ನು ಮೊಣಕಾಲಿನಿಂದ ಒತ್ತುವಂತೆ ಮಾಡಿ ಎರಡು ಕೈಗೂ ಬಿಡುವು ಕೊಟ್ಟಿದ್ದಾರೆ. ಮಾರಾಟವಾದದ್ದು ಒಂದೇ, ಅದೂ ಭಜನೆಯವರು ದಾಕ್ಷಿಣ್ಯಕ್ಕೆ ಕೊಂಡದ್ದು. ಎರಡು ಕೈಯಲ್ಲಿ ನುಡಿಸುವವರೇ ಈ ಸುತ್ತಮುತ್ತ ಇಲ್ಲ ಎಂದು ಅವರೇ ಹೇಳಿ ನಕ್ಕರು. ನಗಲು ನನ್ನಲ್ಲಿ ಶಕ್ತಿ ಉಳಿದಿರಲಿಲ್ಲ.

ಸಂಜೆ ಗುಂಡ್ಲುಪೇಟೆ ಸೇರಿದೆ. ಬಂಡೀಪುರದ ದಾರಿ ಕತ್ತಲಾದ ಮೇಲೆ ಮುಚ್ಚುವುದರಿಂದ ಕೇರಳದ ಲಾರಿಗಳು ರಸ್ತೆಬದಿಗೆ ಸಾಲಾಗಿ ನಿಂತಿದ್ದವು. ಲಾಡ್ಜಿನ ಮಂಚ ಕುಳಿಬಿದ್ದಿತ್ತು. ಮರುದಿನ ನೋಡಬೇಕಾದವರ ಕಥೆಯಾದರೂ ಬೇರೆಯಾಗಿರಲಿ ಎಂದುಕೊಂಡು ಮಲಗಿದೆ.

ಆ ಮೂರನೆಯವರು ಭೀಮನಬೀಡಿನ ಮಾದಪ್ಪ. ಅಲ್ಲಿ ಅರಿಶಿನ ಕೀಳುವ ಕಾಲ. ಕಿತ್ತ ಅರಿಶಿನವನ್ನು ಬೇಯಿಸಿ ಒಣಗಿಸಬೇಕು; ಹಳೆಯ ಕೊಪ್ಪರಿಗೆಯಲ್ಲಾದರೆ ಸೌದೆಯೂ ಜಾಸ್ತಿ, ಹೊತ್ತೂ ಜಾಸ್ತಿ. ಮಾದಪ್ಪ ಕಬ್ಬಿಣದ ದೊಡ್ಡ ಹಂಡೆಗೆ ಬಿಗಿಯಾದ ಮುಚ್ಚಳ ಕೂರಿಸಿ, ಮೇಲೆ ಕುಕ್ಕರಿಗಿರುವಂಥ ವಿಸಿಲ್ ಇಟ್ಟಿದ್ದರು. ಒಳಗಿನ ಜಾಲರಿ ಬುಟ್ಟಿಯಲ್ಲಿ ಅರಿಶಿನ ಹಬೆಯಲ್ಲೇ ಬೇಯುತ್ತದೆ. ಪೇಟೆಂಟ್ ಬಂದ ಮೇಲೂ ಒಂದೂ ಮಾರಿಹೋಗಿರಲಿಲ್ಲ. ಅಂದು ಪಕ್ಕದೂರಿನ ರೈತ ಸಿದ್ದರಾಜು ನೋಡಲು ಬಂದಿದ್ದರು. ಒಪ್ಪಿಗೆಯಾದರೆ ತಮಗೊಂದು, ತಮ್ಮನಿಗೊಂದು ಕೊಳ್ಳುವುದೆಂದು ಮಾತಾಗಿತ್ತು. ಇವರೂ ಬೇಡವೆಂದರೆ ಹಂಡೆಯನ್ನು ಗುಜರಿಗೆ ಹಾಕಿ ಕೂಲಿಗೆ ಹೋಗುವುದೇ ಸೈ ಎಂದು ಮಾದಪ್ಪ ನನ್ನೊಡನೆ ಮೆಲ್ಲಗೆ ಹೇಳಿದರು.

ಆಮೇಲೆ ನಡೆದದ್ದನ್ನು ಕಂಡಷ್ಟೇ ಬರೆಯುತ್ತೇನೆ.

ಆ ಕಡೆಯ ಮನೆಗಳಲ್ಲಿ ವರ್ಷದ ಮೊದಲ ಅರಿಶಿನ ಬೇಯಿಸುವಾಗ ಒಲೆ ಹಚ್ಚುವ ಮುಂಚೆ ಕೊಪ್ಪರಿಗೆಯ ಕೊರಳಿಗೆ ದಾರದಲ್ಲಿ ಅರಿಶಿನದ ಕೊಂಬು ಕಟ್ಟುತ್ತಾರೆ. ಮಾದಪ್ಪನವರ ಹೆಂಡತಿ ರತ್ನಮ್ಮ ಕುಂಕುಮವಿಟ್ಟು, ಕೊಂಬು ಹಿಡಿದು ಹಂಡೆಯ ಸುತ್ತ ನೋಡಿದರು. ಈ ಹಂಡೆಗೆ ಕೊರಳಿಲ್ಲ. ಮುಚ್ಚಳದ ಮೇಲೆ ಎದ್ದು ನಿಂತಿದ್ದ ವಿಸಿಲೇ ಕೊರಳಿನ ಹಾಗಿತ್ತು. ಅದಕ್ಕೆ ಕಟ್ಟಿದರು, ಜಾರದಿರಲೆಂದು ದಾರವನ್ನು ಮುಚ್ಚಳದ ಹಿಡಿಗೂ ಸುತ್ತಿ ಬಿಗಿದರು. ನಾವು ಮೂವರೂ ಎದುರಿಗೇ ಇದ್ದೆವು. ಕೈ ಮುಗಿದೆವು.

ಬೆಂಕಿ ಚೆನ್ನಾಗಿ ಹತ್ತಿತು. ಮಾದಪ್ಪ, ಇನ್ನೇನು ವಿಸಿಲ್ ಕೂಗುತ್ತದೆ ಎಂದರು. ಕೂಗಲಿಲ್ಲ. ಸೌದೆ ಹಸಿಯಿರಬೇಕೆಂದು ಇನ್ನೆರಡು ಕೊರಡು ನೂಕಿದರು. ಆಗಲೂ ಕೂಗಲಿಲ್ಲ. ನೋಡೋಣವೆಂದು ಅವರು ಬಾಗಿದಾಗ ಮುಚ್ಚಳದ ಒಂದು ಕೊಂಡಿ ಕಿತ್ತು ಸದ್ದಾಯಿತು. ಬಿಳಿ ಹಬೆ ಅಡ್ಡಡ್ಡವಾಗಿ ಹೊರಟಿತು. ಸಿದ್ದರಾಜು ನನ್ನನ್ನು ಹಿಂದಕ್ಕೆಳೆದರು. ಹಬೆ ತಿಳಿಯಾದಾಗ ಮಾದಪ್ಪ ಬಲಗೈಯನ್ನು ಮೈಯಿಂದ ದೂರ ಚಾಚಿಕೊಂಡು ನಿಂತಿದ್ದರು. ಮೊಣಕೈವರೆಗೂ ಚರ್ಮ ಕೆಂಪಾಗಿ ಹೊಳೆಯುತ್ತಿತ್ತು. ರತ್ನಮ್ಮ ಕೊಡದಿಂದ ನೀರು ಸುರಿಯುತ್ತಲೇ ಇದ್ದರು.

ಸಿದ್ದರಾಜು ಅವರ ಜೀಪಿನಲ್ಲಿ ಗುಂಡ್ಲುಪೇಟೆಯ ಆಸ್ಪತ್ರೆಗೆ ಹೋದೆವು. ಮುಖ ಉಳಿದದ್ದು ಅದೃಷ್ಟ, ಕೈ ನಿಧಾನವಾಗಿ ಮಾಯುತ್ತದೆ ಎಂದು ಡಾಕ್ಟರು ಪಟ್ಟಿ ಹಾಕಿದರು. ಹೊರಗಿನ ಬೆಂಚಿನ ಮೇಲೆ ಸಿದ್ದರಾಜು ನನ್ನನ್ನೇ ವಿಚಾರಿಸಿದರು. ಸರ್ಕಾರ ಪೇಟೆಂಟಿನ ಮೊಹರು ಹಾಕಿ ಕೊಟ್ಟ ಮೇಲೂ ಇದು ಸಿಡಿದದ್ದು ಹೇಗೆ? ಮೊಹರು ಇದು ಹೊಸದು ಎಂದಷ್ಟೇ ಹೇಳುತ್ತದೆ, ಸಿಡಿಯುವುದಿಲ್ಲ ಎಂದು ಹೇಳುವುದಿಲ್ಲ ಎಂದೆ. ಹಾಗಾದರೆ ತಮಗೆ ಬೇಡವೆಂದು ಅವರು ಎದ್ದರು.

ರತ್ನಮ್ಮ ಅಡ್ಡ ನಿಂತರು. "ಅಣ್ಣ, ಮಿಸಿನ್ದು ತಪ್ಪಿಲ್ಲ. ನಾನೇ ದಾರ ಬಿಗುದ್ಬುಟ್ಟೆ. ವಿಸಿಲ್ ಏಳಕ ಆಗ್ಲಿಲ್ಲ."

ಸಿದ್ದರಾಜು ಮತ್ತೆ ಬೆಂಚಿನ ಮೇಲೆ ಕುಳಿತರು. ಮುಖ ಸಡಿಲವಾಯಿತು. ಅಷ್ಟೇ ಆಗಿದ್ದರೆ ಹಂಡೆ ಚೆನ್ನಾಗಿಯೇ ಇದೆಯೆಂದು, ಎರಡನ್ನೂ ಕೊಳ್ಳುವುದಾಗಿ, ದಾರ ಕಟ್ಟಬೇಡಿರೆಂದು ಮನೆಯಲ್ಲಿ ಹೇಳುವುದಾಗಿ ಮಾತು ಕೊಟ್ಟರು. ನಡುವೆ ಒಮ್ಮೆ ರತ್ನಮ್ಮನ ಕಡೆ ತಿರುಗಿ, "ಗಂಡನ್ ಬೇಯ್ಸಾಕ್ ಓಗಿದ್ಯಲ್ಲವ್ವ" ಎಂದರು. ಆಕೆ ತಲೆಯೆತ್ತಲಿಲ್ಲ.

ಪಟ್ಟಿ ಹಾಕಿಸಿಕೊಂಡು ಬಂದು ಪಕ್ಕದಲ್ಲಿ ಕುಳಿತಿದ್ದ ಮಾದಪ್ಪ ಆಗ ಬಾಯಿಬಿಟ್ಟರು. "ನೀವು ಕಟ್ಬ್ಯಾಡಿ ಅಂದ್ರ ನಿಮ್ಮವ್ವ ಕೇಳ್ತಾರಾ, ಅಣ್ಣ?"

ಸಿದ್ದರಾಜು ಜೀಪಿನ ಕೀಲಿಯನ್ನು ಕೈಯಲ್ಲಿ ತಿರುಗಿಸಿದರು.

"ಕೇಳಲ್ಲ. ನಮ್ಮವ್ವನೂ ಕೇಳ್ತಿರ್ಲಿಲ್ಲ. ಕೊಂಬು ಕಟ್ಟೋ ಮನೆಗ ಅಂತ್ಲೇ ಮಾಡ್ದ ಹಂಡ ಇದು, ಕಟ್ಟಕ ಜಾಗ್ವೇ ಮಡುಗ್ಲಿಲ್ಲ ನಾನು. ಅವ್ಳೇನ್ ಮಾಡಾಳು? ಈಗ ಕೊಡಲ್ಲ ಕಣಣ್ಣ. ಸರಿ ಮಾಡ್ಬುಟ್ಟು ಕೊಡ್ತೀನಿ."

ಅಷ್ಟರಲ್ಲಿ ಈ ವರ್ಷದ ಅರಿಶಿನ ಮುಗಿದಿರುತ್ತದಲ್ಲ ಎಂದರು ಸಿದ್ದರಾಜು. ಮುಗಿದರೆ ಮುಗಿಯಲಿ ಎಂದರು ಮಾದಪ್ಪ. ಕಾಯುತ್ತೇನೆಂದಾಗಲಿ ಕಾಯುವುದಿಲ್ಲವೆಂದಾಗಲಿ ಹೇಳದೆ ಸಿದ್ದರಾಜು ನಮ್ಮನ್ನು ಬಸ್ ನಿಲ್ದಾಣದಲ್ಲಿ ಇಳಿಸಿ ಹೊರಟುಹೋದರು.

ಭೀಮನಬೀಡಿನ ಬಸ್ಸಿಗೆ ಇನ್ನೂ ಹೊತ್ತಿತ್ತು, ನನ್ನ ಬಸ್ಸು ಬಂದು ನಿಂತಿತ್ತು. ಪೇಪರಿನಲ್ಲಿ ತಾನು ಕಟ್ಟಿದ್ದನ್ನೂ ಬರೆಯಿರಿ, ಮುಚ್ಚುಮರೆ ಬೇಡ ಎಂದರು ರತ್ನಮ್ಮ. ಬರೆಯುವುದಾಗಿ ಹೇಳಿ ಹತ್ತಿ ಕುಳಿತೆ. ಮೈಯೆಲ್ಲ ನೋಯುತ್ತಿತ್ತು, ಕಿವಿಯಲ್ಲಿ ಆ ಸದ್ದು ಇನ್ನೂ ಇತ್ತು.

ಡ್ರೈವರು ಬರುವವರೆಗೆ ಕಿಟಕಿಯಿಂದ ನೋಡುತ್ತಿದ್ದೆ. ಮಾದಪ್ಪ ಎಡಗೈ ಬೆರಳನ್ನು ಲೋಟದ ನೀರಿನಲ್ಲಿ ಅದ್ದಿ, ಕಿಟಕಿಯ ಪಕ್ಕದ ಸಿಮೆಂಟು ಕಟ್ಟೆಯ ಮೇಲೆ ಹಂಡೆ ಬರೆದರು. ಮುಚ್ಚಳ ಬರೆದರು. ವಿಸಿಲಿನಿಂದ ದೂರಕ್ಕೆ, ಹಂಡೆಯ ತಳದ ಹತ್ತಿರ ಒಂದು ಬಳೆ ಬರೆದು, ಇಲ್ಲಿ ಕೊಂಬು ಕಟ್ಟಬಹುದಾ ಎಂಬಂತೆ ಹೆಂಡತಿಯನ್ನು ನೋಡಿದರು. ಆಕೆ ಸೆರಗಿನಿಂದ ಆ ಬಳೆಯನ್ನು ಒರೆಸಿಹಾಕಿದರು.

"ಒಲ ಬಾಯ್ ಪಕ್ಕದಲ್ಲಿ ಯಾರು ಬಗ್ಗಾರು?" ಎಂದು, ತಾವೇ ಬೆರಳು ಅದ್ದಿ, ಹಂಡೆಯ ಎದೆಮಟ್ಟದಲ್ಲಿ ಇನ್ನೊಂದು ಬಳೆ ಬರೆದರು.