ಕವಳ ಹಾಕಿದ್ದ ಕಾರು

ಸಿರಸಿಯ ಮೆಕ್ಯಾನಿಕ್ ಸುಬ್ಬಣ್ಣನ ಗ್ಯಾರೇಜಿಗೆ ನಾನು ಹೋದದ್ದು ಒಂದು ಲ್ಯಾಪ್‌ಟಾಪು, ಕಾರಿನ ಕಂಪ್ಯೂಟರ್ ಜೊತೆ ಮಾತಾಡುವ ಪುಟ್ಟ ಡಬ್ಬಿ ಮತ್ತು ದೊಡ್ಡ ಜಂಬ ಹೊತ್ತುಕೊಂಡು. ಡಬ್ಬಿಯೊಳಗಿನ ಚಿಪ್ಪಿಗೆ ಏನು ಹೇಳುವುದಿದ್ದರೂ ಟೈಪ್ ಮಾಡಿಯೇ ಹೇಳಬೇಕು. ರಿಪೇರಿಗೆ ಬಂದಿದ್ದ ಕಾರಿಗೆ ಅದನ್ನು ಸಿಕ್ಕಿಸಿ ಏನು ಕೇಳಿದರೂ ಪರದೆಯ ಮೇಲೆ ಒಂದೇ ಮಾತು: 'ನೋ ಡೇಟಾ', ಮಾಹಿತಿ ಇಲ್ಲ. ಕಾರಿನ ಕಂಪ್ಯೂಟರೇ ಸತ್ತಿದೆ, ಹೊಸದು ಹಾಕಿಸಿ ಎಂದು ಅಲ್ಲೇ ನಿಂತಿದ್ದ ಕಾರಿನ ಮಾಲೀಕರಿಗೆ ಹೇಳಿಯೇಬಿಟ್ಟೆ.

ಸುಬ್ಬಣ್ಣನಿಗೆ ಇಂಗ್ಲಿಷ್ ಬಾರದು. ಅವನು ನೋಡುತ್ತಿದ್ದದ್ದು ಡಬ್ಬಿಯ ಎರಡು ದೀಪಗಳನ್ನು. ನಾವು ಕೇಳಿದಾಗ ಹತ್ತುವುದು ಹಸಿರು, ಕಾರು ಉತ್ತರಿಸಿದಾಗ ಹತ್ತುವುದು ಕೆಂಪು. ಏನೋ ಹೇಳಲು ಕೈಯೆತ್ತಿದ, ಆದರೆ ಬಾಯಿ ತುಂಬ ಎಲೆಅಡಿಕೆಯ ಕವಳ. ಹೊರಗೆ ಹೋಗಿ ಉಗಿದು, ಬಾಯಿ ತೊಳೆದು ಬರುವ ತನಕ ಕಾದೆವು.

"ಕಾರು ಉತ್ತರ ಕೊಡ್ತಾ ಇದ್ದು, ತಮಾ. ನಿನ್ನ ಪರದೆ 'ಇಲ್ಲೆ' ಅಂದ ಮೇಲೆ ಕೆಂಪು ದೀಪ ಹತ್ತತು. ಅದ್ರ ಬಾಯಲ್ಲೂ ಕವಳ ಇದ್ದು ಹೇಳಿ ತಿಳ್ಕ. ಸ್ವಲ್ಪ ಕಾಯಿ."

ಉತ್ತರಕ್ಕಾಗಿ ಚಿಪ್ಪು ಕಾಯುವ ಸಮಯ ಹೆಚ್ಚಿಸುವ ಆದೇಶವೊಂದಿತ್ತು. ಟೈಪ್ ಮಾಡಿದೆ. ಪರದೆ ತುಂಬ ಉತ್ತರ ಬಂತು. ಕೆಟ್ಟದ್ದು ಬರೀ ಒಂದು ಸೆನ್ಸರು.

ಆ ಚಿಪ್ಪು ಮಾಡಿದವರು ಯಾವ ದೇಶದವರೋ ಗೊತ್ತಿಲ್ಲ. ಒಮ್ಮೆಯಾದರೂ ಸಿರಸಿಗೆ ಬಂದು ಕವಳ ಹಾಕಿದ ಯಾರನ್ನೋ ದಾರಿ ಕೇಳಿರಬೇಕು.