ಟೈಲರಕ್ಕನ ಬಾಯಿ

ಟೈಲರಕ್ಕನ ಕೈಕೆಲಸಕ್ಕೆ ಯಾರೂ ಹೆಸರಿಡುವ ಹಾಗಿರಲಿಲ್ಲ. ಬಾಯಿಗೆ ಮಾತ್ರ ಬೀಗವಿರಲಿಲ್ಲ. ಗಂಡ ಸತ್ತ ಮೇಲೆ ಹೊಲಿಗೆ ಮಷೀನನ್ನೇ ನಂಬಿ ಬದುಕಿದವಳು. ಅಂಗಡಿಯೆಂದರೆ ಮೆಟ್ಟಿಲ ಕೆಳಗಿನ ಒಂದು ಕೋಣೆ: ಮಷೀನು, ಇಸ್ತ್ರಿಪೆಟ್ಟಿಗೆ, ನಿಂತು ಅಳತೆ ಕೊಡಲು ಕನ್ನಡಿಯ ಮುಂದೆ ಒಂದಿಷ್ಟು ಜಾಗ, ಕಾಯುವವರಿಗೆ ಒಂದು ಬೆಂಚು. ಅಳತೆ ಬರೆದಿಟ್ಟುಕೊಳ್ಳುವ ಅಭ್ಯಾಸ ಅವಳಿಗಿಲ್ಲ. ಟೇಪು ಹಿಡಿದು ಗಟ್ಟಿಯಾಗಿ ಒಮ್ಮೆ ಹೇಳಿಬಿಟ್ಟರೆ ಸಾಕು, ತಲೆಯಲ್ಲಿ ಕೂತುಬಿಡುತ್ತಿತ್ತು. ಹಾಗಾಗಿ ಬೀದಿಯ ಹೆಂಗಸರ ಸೊಂಟದ ಸುತ್ತಳತೆ ಬೀದಿಗೆಲ್ಲ ಗೊತ್ತು. ಅಳತೆಯ ಜೊತೆಗೊಂದು ತಮಾಷೆ ಸೇರಿಸುವುದೂ ಅವಳ ಪದ್ಧತಿ. ಮೈ ಬಂದವರಿಗೆ, "ಮನೇಲಿ ಅಡುಗೆ ಚೆನ್ನಾಗಾಗ್ತಿದೆ ಅನ್ಸುತ್ತೆ" ಎನ್ನುವಳು, ಸೊರಗಿದವರಿಗೆ, "ಅತ್ತೆ ಬಂದಿದಾರಾ?" ನಗಿಸಿ ಕಳಿಸಿದರೆ ಗಿರಾಕಿ ಮರಳಿ ಬರುತ್ತಾರೆ ಎಂಬುದು ಅವಳ ಎಣಿಕೆ.

ಆ ವರ್ಷ ಬಸಿರು ತೆಗೆಸುವುದನ್ನು ನಿಷೇಧಿಸುವ ಕಾನೂನು ಬಂದಿತ್ತು. ಅದಕ್ಕಾಗಿ ಹೋರಾಡಿದ ಸಮಿತಿಯ ಅಧ್ಯಕ್ಷೆ ಇದೇ ಬೀದಿಯವರು. ಬೇಡವೆಂದು ಕೂಗಿದ ಹೆಂಗಸರೂ ಕಡಿಮೆ ಇರಲಿಲ್ಲ. ಎರಡೂ ಕಡೆಯ ಮೆರವಣಿಗೆಗಳು ಅಂಗಡಿಯ ಮುಂದೆಯೇ ಹಾದುಹೋಗುತ್ತಿದ್ದವು, ಟೈಲರಕ್ಕ ಎರಡೂ ಕಡೆಯವರಿಗೆ ಬಟ್ಟೆ ಹೊಲಿದುಕೊಟ್ಟಳು. "ನಂಗ್ಯಾಕೆ ಊರ ಉಸಾಬರಿ? ಹೆರೋ ಕಾಲ ನಂದು ಮುಗೀತು" ಎನ್ನುತ್ತಿದ್ದಳು. ಉಸಾಬರಿ ಬೇಡವೆಂದವಳ ನಾಲಿಗೆಯೂ ಸುಮ್ಮನಿರಬೇಕಿತ್ತಲ್ಲ.

ಒಂದು ಮಧ್ಯಾಹ್ನ ಅಧ್ಯಕ್ಷೆ ತಮ್ಮ ಗೆಳತಿಯರೊಂದಿಗೆ ಬೆಂಚಿನ ಮೇಲೆ ಕೂತಿದ್ದಾಗ ಕಂಡಕ್ಟರಮ್ಮ ಬಂದಳು. ಬಸ್ಸಿನಲ್ಲಿ ಟಿಕೆಟ್ ಕೊಡುವ ಕೆಲಸದವಳು, ಮೂರು ಮಕ್ಕಳ ತಾಯಿ. ಡ್ಯೂಟಿಯ ಕೋಟನ್ನು ಸೊಂಟದ ಹತ್ತಿರ ಕೊಂಚ ಸಡಿಲ ಮಾಡಿಕೊಡಿ ಎಂದು ಮೆಲ್ಲಗೆ ಕೇಳಿದಳು. ಟೇಪು ಸುತ್ತುತ್ತಲೇ ಟೈಲರಕ್ಕನಿಗೆ ತಿಳಿದುಹೋಯಿತು. "ಎಷ್ಟು ಬಿಡ್ಲಿ? ಒಬ್ಬರಿಗೆ ಸಾಕಾ, ಇಬ್ಬರಿಗೆ ಬಿಡ್ಲಾ?" ಎಂದಳು, ಎಂದಿನ ಗಟ್ಟಿ ದನಿಯಲ್ಲೇ.

ಬೆಂಚಿನವರು ಗೊಳ್ಳೆಂದು ನಕ್ಕರು. ಅಧ್ಯಕ್ಷೆ ಎದ್ದು ಬಂದು ಕಂಡಕ್ಟರಮ್ಮನನ್ನು ತಬ್ಬಿಕೊಂಡರು. ಅವಳ ಮುಖ ಬಿಳಿಚಿಕೊಂಡದ್ದನ್ನು ಕನ್ನಡಿಯಲ್ಲಿ ಕಂಡವಳು ಟೈಲರಕ್ಕ ಒಬ್ಬಳೇ.

ಅವರೆಲ್ಲ ಹೋದ ಮೇಲೆ ಕಂಡಕ್ಟರಮ್ಮ ಬೆಂಚಿನ ಮೇಲೆ ಕುಸಿದು ಕೂತಳು. "ಅಕ್ಕಾ, ಮೂರನೇ ಹೆರಿಗೆಲೇ ನನ್ನ ಹೃದಯ ಕೈಕೊಟ್ಟಿತ್ತು. ಇನ್ನೊಂದಾದ್ರೆ ಉಳಿಯೋದು ಕಷ್ಟ ಅಂದಿದ್ರು ಡಾಕ್ಟರು. ಈಗ ಅವರನ್ನೇ ಕೇಳಿದ್ರೆ ನನ್ನ ಕೈಲಾಗಲ್ಲಮ್ಮ ಅಂತಾರೆ, ಜೈಲಿನ ಭಯ. ಗಡಿ ಆಚೆ ಈ ಕಾನೂನಿಲ್ಲ. ಯಾರಿಗೂ ಗೊತ್ತಾಗೋಕೆ ಮುಂಚೆ ನಾನೂ ನಮ್ಮ ಮನೆಯವರೂ ಹೋಗಿ ಬರೋಣ ಅಂತಿದ್ವಿ."

"ಈಗ್ಲೂ ಹೋಗು ತಾಯಿ. ಯಾರು ತಡೀತಾರೆ?"

"ಬರೀ ಹೊಟ್ಟೇಲಿ ವಾಪಸ್ ಬಂದ್ರೆ ಏನಂತ ಹೇಳ್ಲಿ? ಕರ್ಕೊಂಡು ಹೋದೋರಿಗೂ ಜೈಲಂತೆ. ಇವರೂ ಒಳಗೆ ಹೋದ್ರೆ ಮಕ್ಕಳ ಗತಿ?"

ಮರುದಿನ ಬೆಳಗ್ಗೆಯೇ ಟೈಲರಕ್ಕ ಅಧ್ಯಕ್ಷೆಯ ಮನೆಗೆ ಹೋಗಿ, "ನನ್ನ ಅಳತೆ ತಪ್ಪಿತ್ತು ಮೇಡಂ. ಅವಳು ಸುಮ್ನೆ ದಪ್ಪ ಆಗಿದಾಳೆ ಅಷ್ಟೇ" ಎಂದಳು. ಅಧ್ಯಕ್ಷೆ ನಕ್ಕುಬಿಟ್ಟರು. "ನಿಮ್ಮ ಅಳತೆ ಯಾವತ್ತು ತಪ್ಪಿದೆ ಹೇಳಿ? ದೃಷ್ಟಿ ಆಗುತ್ತೆ ಅಂತ ಮುಚ್ಚಿಡ್ತಿದಾಳಾ?" ಎಂದು ಒಂದು ಬುಟ್ಟಿ ಹಣ್ಣನ್ನು ಅವಳ ಕೈಗೇ ಕೊಟ್ಟು, ಬಸುರಿಗೆ ತಲುಪಿಸಿ ಎಂದರು. ಇಷ್ಟು ವರ್ಷ ಅಳತೆ ತಪ್ಪದೆ ಗಳಿಸಿದ ಹೆಸರು, ಬೇಕಾದ ಹೊತ್ತಿಗೆ ಒಂದು ಸುಳ್ಳು ಹೇಳಲೂ ಬಿಡಲಿಲ್ಲ.

ಅಧ್ಯಕ್ಷೆ ಕೆಟ್ಟವರೇನಲ್ಲ, ಅದೇ ದೊಡ್ಡ ಕಷ್ಟ. ಕೆಟ್ಟವರಾಗಿದ್ದರೆ ಬಾಗಿಲು ಹಾಕಿಕೊಳ್ಳಬಹುದಿತ್ತು. ಸಮಿತಿಯ ಹೆಂಗಸರು ದಿನಾ ಕಂಡಕ್ಟರಮ್ಮನ ಮನೆಗೆ ಬಂದು ವಿಚಾರಿಸಿದರು, ಚೀಲ ಹೊತ್ತುಕೊಟ್ಟರು, ಮಕ್ಕಳಿಗೆ ತಲೆ ಬಾಚಿದರು. ಒಂದು ಬೆಳಗ್ಗೆ ಗಂಡ ಹೆಂಡತಿ ಧೈರ್ಯ ಮಾಡಿ ಗಡಿಯ ಬಸ್ಸು ಹತ್ತಿದರು. ಆ ಬಸ್ಸಿನಲ್ಲಿ ಅವಳನ್ನು ಅರಿಯದವರು ಯಾರು? ಈ ಸ್ಥಿತೀಲಿ ಇಷ್ಟು ದೂರ ಯಾಕೆ ಎಂದು ಒಬ್ಬರು ಕೇಳಿದರು, ಇನ್ನೊಬ್ಬರು ಫೋನ್ ಮಾಡಿದರು. ಅಧ್ಯಕ್ಷೆ ಕಾರಿನಲ್ಲಿ ಬೆನ್ನುಹತ್ತಿ ಬಂದು, ಮುಂದಿನ ನಿಲ್ದಾಣದಲ್ಲಿ ಇಬ್ಬರನ್ನೂ ಇಳಿಸಿಕೊಂಡು, ಒಂದೂ ಕಟು ಮಾತಾಡದೆ ಮನೆಗೆ ಬಿಟ್ಟರು. ಊರಿಗೆಲ್ಲ ಟಿಕೆಟ್ ಕೊಟ್ಟವಳಿಗೆ ಊರು ದಾಟಲಾಗಲಿಲ್ಲ.

ಹೆರಿಗೆಯಲ್ಲಿ ಅವಳ ಹೃದಯ ನಿಂತಿತು. ಮಗು ಉಳಿಯಿತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಟೈಲರಕ್ಕ ಅಂದಿನಿಂದ ಅಳತೆಯನ್ನು ಬಾಯೊಳಗೇ ಹೇಳಿಕೊಳ್ಳತೊಡಗಿದಳು. ಮರೆತುಹೋಗಿ ಬಟ್ಟೆ ಕೆಡುತ್ತಿತ್ತು, ಗಿರಾಕಿಗಳು ಬೈಯುತ್ತಿದ್ದರು. ಬೈಸಿಕೊಂಡಾಗಲೇ ಅವಳಿಗೆ ಸ್ವಲ್ಪ ಸಮಾಧಾನ.

ಸಮಿತಿಯವರು ದೊಡ್ಡ ಸಭೆ ನಡೆಸಿದರು. ವೇದಿಕೆಯ ಹಿಂದೆ ಕಂಡಕ್ಟರಮ್ಮನ ಆಳೆತ್ತರದ ಫೋಟೋ. ಮಗುವಿಗಾಗಿ ನಗುನಗುತ್ತಾ ಪ್ರಾಣ ಕೊಟ್ಟ ತಾಯಿ ಎಂದು ಅಧ್ಯಕ್ಷೆ ಹೇಳಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೂರು ಮಕ್ಕಳನ್ನೂ ಮುಂದಿನ ಸಾಲಿನಲ್ಲಿ ಕೂರಿಸಿದ್ದರು.

ಕೆಲವು ದಿನಗಳಾದ ಮೇಲೆ ಹಿರಿಮಗಳು ಅಂಗಡಿಗೆ ಬಂದಳು. ಎತ್ತರ ಬೆಳೆದಿದ್ದಳು, ಶಾಲೆಯ ಲಂಗ ಗಿಡ್ಡವಾಗಿತ್ತು. ಟೈಲರಕ್ಕ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು, ಮಂಡಿಯೂರಿ ಲಂಗದ ಅಂಚು ಬಿಚ್ಚುತ್ತಿದ್ದಾಗ ಹುಡುಗಿ ಕೇಳಿದಳು, "ಆಂಟಿ, ಪಾಪು ಬರೋದು ಮೊದ್ಲು ಗೊತ್ತಾಗಿದ್ದು ನಿಮಗೇ ಅಂತೆ. ಅಮ್ಮ ಅವತ್ತು ನಗ್ತಿದ್ಲಾ?"

ಹೂಂ ಎಂದರೆ ಮುಗಿಯಿತು. ಮಗು ಖುಷಿಯಾಗಿ ಮನೆಗೆ ಹೋಗುತ್ತದೆ, ಊರೂ ಮೆಚ್ಚುತ್ತದೆ. ಟೈಲರಕ್ಕ ಪಿನ್ನುಗಳನ್ನು ಬಾಯಿಂದ ತೆಗೆದು ಅಂಗೈಯಲ್ಲಿಟ್ಟುಕೊಂಡಳು.

"ಇಲ್ಲ ಕಂದ. ಅವಳಿಗೆ ಇನ್ನೊಂದು ಮಗು ಬೇಡವಾಗಿತ್ತು. ಹೆತ್ತರೆ ಜೀವ ಹೋಗುತ್ತೆ ಅಂತ ಗೊತ್ತಿತ್ತು. ಗುಟ್ಟಾಗಿ ಗಡಿ ಆಚೆ ಹೋಗಿ ತೆಗೆಸ್ಕೊಂಡು ಬರೋಣ ಅಂತಿದ್ಲು. ನಾನು ಎಲ್ಲರ ಮುಂದೆ ಬಾಯಿಬಿಟ್ಟು ಕೆಡಿಸಿದೆ."

ಹುಡುಗಿ ಬೈಯುತ್ತಾಳೆ, ಇಲ್ಲವೇ ಓಡಿಹೋಗುತ್ತಾಳೆ ಎಂದು ಟೈಲರಕ್ಕ ತಲೆ ತಗ್ಗಿಸಿ ಕಾದಳು. ಹುಡುಗಿ ಎರಡನ್ನೂ ಮಾಡಲಿಲ್ಲ.

"ಅಂದ್ರೆ, ಅಮ್ಮ ನಮ್ಮನ್ನ ಬಿಟ್ಟು ಖುಷಿಯಿಂದ ಹೋಗಿದ್ದಲ್ಲ" ಎಂದಳು. ಆಮೇಲೆ ಅರ್ಧ ಬಿಚ್ಚಿದ ಲಂಗದಲ್ಲಿ ನಿಂತಲ್ಲೇ, ತಾಯಿ ಸತ್ತಾಗಲೂ ಅಳದಿದ್ದವಳು, ಅಳತೊಡಗಿದಳು.